ಗೇಟು ಇನ್ನೂ ಮುಚ್ಚಿತ್ತು, ಆ್ಯಂಕರ್ ತೆರೆದಿದೆ ಅಂದರು

ಜರ್ಮನಿಯಲ್ಲಿ ಯಾವುದೋ ಟಿವಿ ಪತ್ರಕರ್ತ ಕ್ಯಾಮೆರಾ ಮುಂದೆ ಸ್ವಲ್ಪ ಬಿಸಿಯಾಗಿ ಮಾತಾಡಿದ ಅಂತ ಇಟ್ಕೊಳ್ಳಿ. ಮಾರನೇ ದಿನವೇ ಯಾರಾದರೊಬ್ಬರು ಒಂದು ಹಳೇ ಮಾತನ್ನು ತಂದು ಅವನ ಮುಖಕ್ಕೆ ಹಿಡೀತಾರೆ. ಪತ್ರಕರ್ತನಾದವನು ಯಾವ ಪಕ್ಷದ, ಯಾವ ಹೋರಾಟದ ಜೊತೆಗೂ ಒಂದಾಗಬಾರದು, ಅದು ಒಳ್ಳೇ ಹೋರಾಟವೇ ಆಗಿದ್ದರೂ ಸರಿ. ಇದು ಆ ಮಾತಿನ ಸಾರ. ಹೇಳಿದವರು ಹಾನ್ಸ್ ಯೋಆಕಿಮ್ ಫ್ರೀಡ್ರಿಕ್ಸ್. ಆ ದೇಶದ ಟಿವಿ ಕಂಡ ದೊಡ್ಡ ಆ್ಯಂಕರ್‌ಗಳಲ್ಲಿ ಒಬ್ಬರು. ವೀಕ್ಷಕರು ಪ್ರೀತಿಯಿಂದ ಕರೀತಿದ್ದದ್ದು ಹಾಯೋ ಅಂತ.

ಪತ್ರಿಕೋದ್ಯಮದ ಪಾಠ ಹೇಳೋರು ಈ ಮಾತನ್ನು ಹೇಳ್ತಾರೆ, ಸುದ್ದಿವಾಹಿನಿಗಳ ಮೇಲೆ ಸಿಟ್ಟಿರುವ ರಾಜಕಾರಣಿಗಳೂ ಹೇಳ್ತಾರೆ. ಆದರೆ ಫ್ರೀಡ್ರಿಕ್ಸ್ ಈ ಮಾತನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಹೇಳಿದ್ದು ಅನ್ನೋದನ್ನು ಮಾತ್ರ ಹೆಚ್ಚಿನವರು ಬಿಟ್ಟುಬಿಡ್ತಾರೆ. ಆ ಪ್ರಶ್ನೆಗೆ ಬರ್ತೀನಿ. ಅದಕ್ಕಿಂತ ಮೊದಲು ಈ ಮನುಷ್ಯ ಆ ಕುರ್ಚಿಗೆ ಬಂದು ಕೂತ ದಾರಿ ನೋಡಬೇಕು. ಸಣ್ಣ ದಾರಿ ಅಲ್ಲ ಅದು. ಮೂವತ್ತೈದು ವರ್ಷದ್ದು.

ಫ್ರೀಡ್ರಿಕ್ಸ್ ಹುಟ್ಟಿದ್ದು 1927ರ ಮಾರ್ಚ್ 15ರಂದು, ವೆಸ್ಟ್‌ಫಾಲಿಯಾ ಪ್ರಾಂತ್ಯದ ಹಾಮ್ ಅನ್ನೋ ಊರಲ್ಲಿ. ದೊಡ್ಡ ರೈಲ್ವೆ ಯಾರ್ಡ್ ಇದ್ದ ಊರು, ಹಾಗಾಗಿ ಯುದ್ಧದಲ್ಲಿ ಬಾಂಬುಗಳನ್ನೂ ಚೆನ್ನಾಗಿ ತಿಂದ ಊರು. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಈ ಹುಡುಗನಿಗೆ ಆರು ವರ್ಷ ಕೂಡ ತುಂಬಿರಲಿಲ್ಲ. ಯುದ್ಧ ಮುಗಿದಾಗ ಹದಿನೆಂಟು. ಅಂದರೆ ಬುದ್ಧಿ ಬಂದಾಗಿನಿಂದ ಅವನ ಕಿವಿಗೆ ಬಿದ್ದ ಸುದ್ದಿಯೆಲ್ಲ ಗೋಬೆಲ್ಸ್‌ನ ಇಲಾಖೆಯಿಂದ ಸೋಸಿ ಬಂದದ್ದೇ. ಜರ್ಮನಿಯಲ್ಲಿ ಅಗ್ಗದ ರೇಡಿಯೋಗಳನ್ನು ಮನೆಮನೆಗೂ ತಲುಪಿಸಿದ್ದು ಜನ ಹಾಡು ಕೇಳಲಿ ಅಂತಲ್ಲ, ನಾಯಕನ ದನಿ ಅಡುಗೆಮನೆವರೆಗೂ ಬರಲಿ ಅಂತ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ದಿನವೇ ಹೊರದೇಶದ ರೇಡಿಯೋ ಕೇಳೋದನ್ನೇ ಅಪರಾಧ ಮಾಡಿಬಿಟ್ಟರು. ಕೇಳಿದವನಿಗೆ ಜೈಲು. ಕೇಳಿದ್ದನ್ನು ಇನ್ನೊಬ್ಬನಿಗೆ ಹೇಳಿದರೆ ಮರಣದಂಡನೆ ಆಗುವ ಸಾಧ್ಯತೆಯೂ ಇತ್ತು.

ಹಾಗಿದ್ದೂ ಜನ ಕೇಳ್ತಿದ್ದರು. ಕಂಬಳಿ ಹೊದ್ದುಕೊಂಡು, ದನಿ ತಗ್ಗಿಸಿ, ಲಂಡನ್‌ನಿಂದ ಬರುವ ಬಿಬಿಸಿಯ ಜರ್ಮನ್ ಸುದ್ದಿ ಕೇಳ್ತಿದ್ದರು. ಶತ್ರು ದೇಶದ ರೇಡಿಯೋವನ್ನು ಪ್ರಾಣ ಪಣಕ್ಕಿಟ್ಟು ಯಾಕೆ ಕೇಳಬೇಕು? ಲಂಡನ್ ತನ್ನ ಸೋಲನ್ನೂ ಹೇಳ್ತಿತ್ತು, ಅದಕ್ಕೆ. ಸೋತಾಗ ಸೋತೆವು ಅಂತ ಹೇಳಿದವನು ಗೆದ್ದಾಗ ಗೆದ್ದೆವು ಅಂದರೆ ಜನ ನಂಬ್ತಾರೆ. ಗೆದ್ದೆವು, ಗೆದ್ದೆವು ಅಂತ ದಿನಾ ಕೂಗುವವನನ್ನು ಒಂದು ಹಂತದ ಮೇಲೆ ಅವನ ಮನೆಯವರೂ ನಂಬೋದಿಲ್ಲ.

ಯುದ್ಧ ಮುಗಿದ ಮೇಲೆ ಒಂದು ಸ್ವಾರಸ್ಯ ನಡೀತು. ಬಿಬಿಸಿಯ ಆ ಜರ್ಮನ್ ವಿಭಾಗವನ್ನು ಯುದ್ಧಕಾಲದಲ್ಲಿ ನಡೆಸಿದ್ದ ಹ್ಯೂ ಕಾರ್ಲ್ಟನ್ ಗ್ರೀನ್ 1946ರಲ್ಲಿ ಹ್ಯಾಂಬರ್ಗ್‌ಗೆ ಬಂದರು. ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ತಮ್ಮ. ಬ್ರಿಟಿಷರ ಆಡಳಿತದಲ್ಲಿದ್ದ ಉತ್ತರ ಮತ್ತು ಪಶ್ಚಿಮ ಜರ್ಮನಿಗೆ ಒಂದು ಹೊಸ ಪ್ರಸಾರ ಸಂಸ್ಥೆ ಕಟ್ಟೋದು ಅವರ ಕೆಲಸ. ಸರ್ಕಾರದ ಇಲಾಖೆಯಾಗಬಾರದು, ಸೇಠುಗಳ ಅಂಗಡಿಯೂ ಆಗಬಾರದು, ಜನ ಕೊಡುವ ಶುಲ್ಕದಲ್ಲಿ ನಡೀಬೇಕು ಅನ್ನೋದು ಲೆಕ್ಕಾಚಾರ. ಎನ್‌ಡಬ್ಲ್ಯುಡಿಆರ್ ಅಂತ ಆ ಸಂಸ್ಥೆಯ ಹೆಸರು. ಇವತ್ತಿನ ಜರ್ಮನ್ ಟಿವಿ ಸುದ್ದಿಯ ಬೇರು ಅಲ್ಲಿದೆ.

ನಮ್ಮ ಫ್ರೀಡ್ರಿಕ್ಸ್ ಬರ್ಲಿನ್‌ನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿತು, ನಂತರ ಲಂಡನ್‌ಗೆ ಹೋಗಿ ಬಿಬಿಸಿಯ ಅದೇ ಜರ್ಮನ್ ವಿಭಾಗ ಸೇರಿಕೊಂಡರು. ಐದು ವರ್ಷ ಅಲ್ಲಿದ್ದರು. ಸುದ್ದಿ ಬರೆಯೋದು, ಮೈಕ್ ಮುಂದೆ ಕೂತು ಓದೋದು. ಒಂದು ಕ್ಷಣ ಯೋಚನೆ ಮಾಡಿ. ತನ್ನ ಊರಿನ ಮೇಲೆ ಬಾಂಬು ಹಾಕಿದ ದೇಶದ ರಾಜಧಾನಿಯಲ್ಲಿ ಕೂತು, ತನ್ನ ದೇಶದವರಿಗೇ ತನ್ನ ಭಾಷೆಯಲ್ಲಿ ಸುದ್ದಿ ಹೇಳಬೇಕು. ಕೋಪ ಇಲ್ಲದೆ, ಕ್ಷಮೆ ಕೇಳುವ ದನಿಯೂ ಇಲ್ಲದೆ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಇಂಥ ಜಾಗದಲ್ಲಿ ಕೂತವನಿಗೆ ದನಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳೋದು ಬರದೇ ಹೋದರೆ ಇನ್ಯಾರಿಗೆ ಬರಬೇಕು ಹೇಳಿ? ಕಡೇವರೆಗೂ ಅವರು ತನ್ನ ಗುರುಮನೆ ಅಂತ ತೋರಿಸಿದ್ದು ಲಂಡನ್ ಕಡೆಗೇ.

1955ರಲ್ಲಿ ಊರಿಗೆ ವಾಪಸ್. ಕೊಲೋನ್‌ನಲ್ಲಿ ಕೆಲಸ. ಹೊತ್ತಿಗೆ ಸರಿಯಾಗಿ ಎನ್‌ಡಬ್ಲ್ಯುಡಿಆರ್ ಒಡೆದು ಎರಡಾಯಿತು, ಕೊಲೋನ್‌ನದ್ದು ಡಬ್ಲ್ಯುಡಿಆರ್, ಹ್ಯಾಂಬರ್ಗ್‌ನದ್ದು ಎನ್‌ಡಿಆರ್. ಇಲ್ಲಿ ಸ್ವಲ್ಪ ಗೊಂದಲ ಆಗುತ್ತೆ, ಬಿಡಿಸಿ ಹೇಳಿಬಿಡ್ತೀನಿ. ಜರ್ಮನಿಯಲ್ಲಿ ಜನರ ಶುಲ್ಕದಿಂದ ನಡೆಯುವ ಟಿವಿ ವ್ಯವಸ್ಥೆ ಮುಖ್ಯವಾಗಿ ಎರಡು. ಒಂದು ಎಆರ್‌ಡಿ. ಇದು 1950ರಲ್ಲಿ ಆದದ್ದು, ಬೇರೆಬೇರೆ ಪ್ರಾಂತ್ಯಗಳ ಪ್ರಸಾರ ಸಂಸ್ಥೆಗಳು ಸೇರಿಕೊಂಡು ಮಾಡಿದ ಒಕ್ಕೂಟ. ಇನ್ನೊಂದು ಝಡ್‌ಡಿಎಫ್, ಮೈನ್ಜ್ ನಗರದಲ್ಲಿರೋದು, 1963ರ ಏಪ್ರಿಲ್ 1ರಿಂದ ಶುರು. ಎರಡೂ ಸರ್ಕಾರದ ವಾಹಿನಿಗಳಲ್ಲ. ಹಾಗಂತ ನಮ್ಮಂಥ ಖಾಸಗಿ ವಾಹಿನಿಗಳೂ ಅಲ್ಲ. ಪ್ರತಿ ಮನೆಯೂ ತಿಂಗಳಿಗೆ ಇಷ್ಟು ಅಂತ ಕೊಡಬೇಕು. 2021ರಲ್ಲಿ ಅದು 18.36 ಯೂರೋ ಆಯಿತು. ಟಿವಿ ನೋಡಲಿ, ಬಿಡಲಿ, ಕೊಡಬೇಕು. ಅದಕ್ಕೇ ಅಲ್ಲಿನ ಜನ ಆ್ಯಂಕರ್‌ನನ್ನು ಪ್ರಶ್ನೆ ಮಾಡೋದು ಗಿರಾಕಿ ಥರ ಅಲ್ಲ, ಸಂಬಳ ಕೊಡುವ ಯಜಮಾನರ ಥರ. ನಿನ್ನ ಸಂಬಳ ನಾನು ಕೊಡ್ತಿದ್ದೀನಿ, ನಿನ್ನ ಅಭಿಪ್ರಾಯ ಯಾರಿಗೆ ಬೇಕು ಅಂತ ಕೇಳ್ತಾರೆ. ಈ ವಾದದಲ್ಲಿ ಸ್ವಲ್ಪ ಹುರುಳಿದೆ ಅಂತ ನನಗನ್ನಿಸುತ್ತೆ.

1964ರಲ್ಲಿ ಫ್ರೀಡ್ರಿಕ್ಸ್ ಎಳೇ ಸಂಸ್ಥೆಯಾಗಿದ್ದ ಝಡ್‌ಡಿಎಫ್‌ಗೆ ಹೋದರು. ಅಲ್ಲಿನ ಹೊಯ್ಟೆ ಅನ್ನೋ ಸುದ್ದಿ ಕಾರ್ಯಕ್ರಮದ ಮುಖವಾದರು. ಹೊಯ್ಟೆ ಅಂದರೆ ಇವತ್ತು ಅಂತ. ಆಮೇಲೆ ಅಮೆರಿಕಕ್ಕೆ ವರದಿಗಾರನಾಗಿ ಹೋದರು, ವಿಯೆಟ್ನಾಂ ಯುದ್ಧದಿಂದಲೂ ವರದಿ ಮಾಡಿದರು. ಟಿವಿ ಪರದೆ ಮೇಲೆ ಯುದ್ಧ ದಿನಾ ರಾತ್ರಿ ಮನೆಯೊಳಗೆ ಬಂದದ್ದು ಜಗತ್ತಿನಲ್ಲಿ ಅದೇ ಮೊದಲು. ಹೆಣಗಳು, ಉರಿಯುವ ಗುಡಿಸಲುಗಳು, ಓಡುವ ಮಕ್ಕಳು. ಇವನ್ನು ತೋರಿಸಬೇಕೋ ಬೇಡವೋ, ತೋರಿಸುವಾಗ ವರದಿಗಾರನ ಮುಖ ಹೇಗಿರಬೇಕು, ದನಿ ಹೇಗಿರಬೇಕು ಅನ್ನೋದಕ್ಕೆ ಆಗ ಯಾವ ಪುಸ್ತಕದಲ್ಲೂ ಉತ್ತರ ಇರಲಿಲ್ಲ. ಸ್ಥಳದಲ್ಲಿ ನಿಂತವರೇ ಕಂಡುಕೊಳ್ಳಬೇಕಿತ್ತು.

ಇಲ್ಲಿವರೆಗೆ ಎಲ್ಲಾ ಸರಿ. ಪತ್ರಿಕೆ, ರೇಡಿಯೋ, ಪ್ರಾಂತೀಯ ಸುದ್ದಿ, ರಾಷ್ಟ್ರೀಯ ಸುದ್ದಿ, ವಿದೇಶ, ಯುದ್ಧ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ದಾರಿ. ಮುಂದಿನ ಮೆಟ್ಟಿಲು ಏನಿರಬೇಕು? ರಾಜಕೀಯ ವಿಭಾಗದ ಮುಖ್ಯಸ್ಥ, ಪ್ರಧಾನ ಸಂಪಾದಕ, ಏನೋ ಒಂದು. 1973ರಲ್ಲಿ ಅವರಾಗಿದ್ದು ಝಡ್‌ಡಿಎಫ್‌ನ ಕ್ರೀಡಾ ವಿಭಾಗದ ಮುಖ್ಯಸ್ಥ!

ಆಶ್ಚರ್ಯ ಆಗುತ್ತೆ ಅಲ್ವಾ? ವಿಯೆಟ್ನಾಂ ನೋಡಿ ಬಂದವರು ಫುಟ್‌ಬಾಲ್ ನೋಡಿಕೊಳ್ಳೋದು. ಎಂಟು ವರ್ಷ ಅದನ್ನೇ ಮಾಡಿದರು, ಶನಿವಾರ ರಾತ್ರಿಯ ಜನಪ್ರಿಯ ಕ್ರೀಡಾ ಕಾರ್ಯಕ್ರಮವನ್ನೂ ನಡೆಸಿಕೊಟ್ಟರು. ಮುಂದಿನ ವರ್ಷವೇ, 1974ರಲ್ಲಿ, ಫುಟ್‌ಬಾಲ್ ವಿಶ್ವಕಪ್ ನಡೆದದ್ದು ಪಶ್ಚಿಮ ಜರ್ಮನಿಯಲ್ಲಿ, ಗೆದ್ದದ್ದೂ ಅವರೇ. ನಮ್ಮ ಸುದ್ದಿಮನೆಗಳಲ್ಲಿ ಒಂದು ನಂಬಿಕೆ ಇದೆ, ಸ್ಪೋರ್ಟ್ಸ್ ಡೆಸ್ಕ್ ಅಂದರೆ ಎರಡನೇ ದರ್ಜೆ ಅಂತ. ಇದು ಮೂರ್ಖತನ. ಲೈವ್ ಅನ್ನೋದು ಏನು ಅಂತ ಕ್ರೀಡೆಯಷ್ಟು ಚೆನ್ನಾಗಿ ಕಲಿಸುವ ಶಾಲೆ ಇನ್ನೊಂದಿಲ್ಲ. ಮುಂದೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಬರೆದುಕೊಟ್ಟ ಸ್ಕ್ರಿಪ್ಟ್ ಇಲ್ಲ, ಸ್ಟುಡಿಯೋಗೆ ಬಂದ ಆಟಗಾರನಿಗೆ ಮಾತು ಬರಲ್ಲ, ಅಷ್ಟರಲ್ಲಿ ಕಿವಿಯಲ್ಲಿ ಪ್ರೊಡ್ಯೂಸರ್ ಇನ್ನೂ ಎರಡು ನಿಮಿಷ ಎಳೀರಿ ಅಂತಾನೆ. ಅಲ್ಲಿ ಪಳಗಿದವನಿಗೆ ಇನ್ಯಾವ ಸ್ಟುಡಿಯೋದಲ್ಲೂ ಬೆವರು ಬರೋದಿಲ್ಲ.

1981ರಲ್ಲಿ ಮತ್ತೆ ಸುದ್ದಿಗೆ, ನ್ಯೂಯಾರ್ಕ್ ವರದಿಗಾರನಾಗಿ. ಅಲ್ಲಿಂದ 1985ರಲ್ಲಿ ಹ್ಯಾಂಬರ್ಗ್‌ಗೆ, ಎದುರಾಳಿ ಎಆರ್‌ಡಿಯ ಟಾಗೆಸ್‌ಥೇಮೆನ್ ಕಾರ್ಯಕ್ರಮಕ್ಕೆ. ಆಗ ಅವರ ವಯಸ್ಸು ಐವತ್ತೆಂಟು. ನಮ್ಮಲ್ಲಿ ಐವತ್ತೆಂಟಕ್ಕೆ ಆ್ಯಂಕರ್‌ಗಳಿಗೆ ಸನ್ಮಾನ ಮಾಡಿ ಶಾಲು ಹೊದಿಸಿ ಕಳಿಸಿಬಿಡ್ತಾರೆ. ಇವರ ಅಸಲಿ ಆಟ ಶುರುವಾಗಿದ್ದೇ ಅಲ್ಲಿಂದ.

ಟಾಗೆಸ್‌ಥೇಮೆನ್ ಏನು ಅಂತ ಗೊತ್ತಾಗಬೇಕಾದರೆ ಅದರ ಅಕ್ಕ ಟಾಗೆಸ್‌ಶೌ ಬಗ್ಗೆ ಹೇಳಬೇಕು. 1952ರ ಡಿಸೆಂಬರ್ 26ರಿಂದ ಬರ್ತಿರೋ ಸುದ್ದಿ ಅದು. ರಾತ್ರಿ ಎಂಟಕ್ಕೆ ಸರಿಯಾಗಿ, ಹದಿನೈದೇ ನಿಮಿಷ. ಅಲ್ಲಿ ಕೂರುವವರು ಆ್ಯಂಕರ್ ಅಲ್ಲ, ವಾಚಕರು. ಒಳಗೆ ಸಂಪಾದಕರು ಬರೆದುಕೊಟ್ಟದ್ದನ್ನು ಅಲ್ಪವಿರಾಮ ಕೂಡ ಬದಲಿಸದೆ ಓದೋದು ಅವರ ಕೆಲಸ. ಹುಬ್ಬು ಏರಿಸೋ ಹಾಗಿಲ್ಲ, ನಗೋ ಹಾಗಿಲ್ಲ. ಟಾಗೆಸ್‌ಥೇಮೆನ್ ಶುರುವಾಗಿದ್ದು 1978ರ ಜನವರಿ 2ರಂದು. ತಡರಾತ್ರಿ, ಹೆಚ್ಚು ಹೊತ್ತು, ಸುದ್ದಿಯ ಹಿಂದುಮುಂದು ಹೇಳುವ ಕಾರ್ಯಕ್ರಮ. ಇಲ್ಲಿ ಕೂರುವವರು ಪತ್ರಕರ್ತರೇ ಆಗಿರಬೇಕು, ಒಂದು ವರದಿಗೂ ಇನ್ನೊಂದಕ್ಕೂ ನಡುವಿನ ಮಾತನ್ನು ಸ್ವತಃ ಬರೀಬೇಕು. ಫ್ರೀಡ್ರಿಕ್ಸ್ ಬಂದ ಮೇಲೆ ಅಮೆರಿಕದ ಮಾದರಿಯಲ್ಲಿ ಅದು ಗುರುತಾದ ಮುಖಗಳ ಕಾರ್ಯಕ್ರಮವಾಯಿತು. 1987ರಿಂದ ಸಬೀನೆ ಕ್ರಿಸ್ಟಿಯಾನ್‌ಸೆನ್ ಜೊತೆಯಾದರು.

ಇನ್ನೂ ಒಂದು ವ್ಯವಸ್ಥೆ ಇದೆ ಅಲ್ಲಿ, ನನಗೆ ಬಹಳ ಇಷ್ಟವಾದದ್ದು. ಕಾರ್ಯಕ್ರಮದ ಮಧ್ಯೆ ಒಂದು ಅಭಿಪ್ರಾಯದ ತುಣುಕು ಬರುತ್ತೆ. ಅದನ್ನು ಆ್ಯಂಕರ್ ಹೇಳೋದಿಲ್ಲ. ಎಆರ್‌ಡಿಯ ಯಾವುದಾದರೂ ಸಂಸ್ಥೆಯ ಬೇರೊಬ್ಬ ಪತ್ರಕರ್ತ ಬಂದು, ತನ್ನ ಹೆಸರಲ್ಲಿ, ಇದು ನನ್ನ ಅಭಿಪ್ರಾಯ ಅನ್ನೋ ಪಟ್ಟಿಯ ಕೆಳಗೆ ಹೇಳಿ ಹೋಗ್ತಾನೆ. ಮೊದಲು ಅದಕ್ಕೆ ವ್ಯಾಖ್ಯಾನ ಅಂತ ಹೆಸರಿತ್ತು. ಜನರಿಗೆ ಗೊಂದಲ ಬೇಡ ಅಂತ 2020ರಲ್ಲಿ ನೇರವಾಗಿ ಅಭಿಪ್ರಾಯ ಅಂತಲೇ ಹೆಸರಿಟ್ಟರು. ನಮ್ಮ ಕಡೆ ಒಂದೇ ಮುಖ ಸುದ್ದಿಯನ್ನೂ ಹೇಳುತ್ತೆ, ತೀರ್ಪನ್ನೂ ಕೊಡುತ್ತೆ, ಶಿಕ್ಷೆಯನ್ನೂ ಘೋಷಿಸುತ್ತೆ. ನೀವೀಗ ಓದ್ತಿರೋದೂ ಒಬ್ಬ ಆ್ಯಂಕರ್‌ನ ಅಭಿಪ್ರಾಯವೇ, ಅದನ್ನು ಮರೀಬೇಡಿ.

ಈಗ 1989ಕ್ಕೆ ಬರೋಣ. ಜರ್ಮನಿ ಆಗ ಎರಡು ದೇಶ. ಪಶ್ಚಿಮದ ಟಿವಿ ಸಿಗ್ನಲ್‌ಗೆ ಗೋಡೆ ಅಡ್ಡ ಬರೋದಿಲ್ಲವಲ್ಲ, ಪೂರ್ವದವರೂ ದಿನಾ ಟಾಗೆಸ್‌ಶೌ, ಟಾಗೆಸ್‌ಥೇಮೆನ್ ನೋಡ್ತಿದ್ದರು. ಆದರೆ ಡ್ರೆಸ್ಡೆನ್ ಸುತ್ತಮುತ್ತ ಸಿಗ್ನಲ್ ಸಿಗ್ತಿರಲಿಲ್ಲ. ಆ ಪ್ರದೇಶಕ್ಕೆ ಏನೂ ಗೊತ್ತಿಲ್ಲದವರ ಕಣಿವೆ ಅಂತ ಜನರೇ ಅಡ್ಡಹೆಸರಿಟ್ಟಿದ್ದರು. ಪೂರ್ವದ ಸರ್ಕಾರಿ ಸುದ್ದಿಯನ್ನು ಜನ ನಂಬೋದು ಯಾವತ್ತೋ ಬಿಟ್ಟಿದ್ದರು. ತಮ್ಮ ಊರಲ್ಲಿ ಏನು ನಡೀತಿದೆ ಅಂತ ತಿಳಿಯೋಕೆ ಗೋಡೆಯಾಚೆಯ ಟಿವಿ ಹಾಕ್ತಿದ್ದರು. ಫ್ರೀಡ್ರಿಕ್ಸ್ ಅಂದರೆ ಎರಡೂ ಜರ್ಮನಿಗಳ ಮನೆಯೊಳಗಿನ ಮುಖ.

ಆ ವರ್ಷದ ಅಕ್ಟೋಬರ್ 9ರಂದು ಪೂರ್ವದ ಲೈಪ್‌ಜಿಗ್ ನಗರದಲ್ಲಿ ಸುಮಾರು 70,000 ಜನ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸ್ತಾರೆ ಅನ್ನೋ ಭಯ ಎಲ್ಲರಲ್ಲೂ ಇತ್ತು. ಹಾರಿಸಲಿಲ್ಲ. ವಿದೇಶಿ ಪತ್ರಕರ್ತರಿಗೆ ಊರಿಗೆ ಪ್ರವೇಶ ಇರಲಿಲ್ಲ. ಆದರೆ ಜೀಗ್‌ಬರ್ಟ್ ಶೆಫ್‌ಕೆ ಮತ್ತು ಆರಾಮ್ ರಾಡೊಮ್‌ಸ್ಕಿ ಅನ್ನೋ ಪೂರ್ವ ಬರ್ಲಿನ್‌ನ ಇಬ್ಬರು ಯುವಕರು ಒಂದು ಚರ್ಚಿನ ಗೋಪುರ ಹತ್ತಿ ಎಲ್ಲವನ್ನೂ ಚಿತ್ರೀಕರಿಸಿದರು. ಕ್ಯಾಸೆಟ್ ಗುಟ್ಟಾಗಿ ಗೋಡೆ ದಾಟಿತು. ಮಾರನೇ ದಿನ ಎಆರ್‌ಡಿಯಲ್ಲಿ ಪ್ರಸಾರವಾಯಿತು. ಅದನ್ನು ತೆಗೆದದ್ದು ಇಟಲಿಯ ಒಂದು ಕ್ಯಾಮೆರಾ ತಂಡ ಅಂತ ವೀಕ್ಷಕರಿಗೆ ಹೇಳಲಾಯಿತು. ಅದು ಸುಳ್ಳು. ಆ ಇಬ್ಬರು ಹುಡುಗರನ್ನು ರಹಸ್ಯ ಪೊಲೀಸರಿಂದ ಕಾಪಾಡೋದಕ್ಕೆ ಹೇಳಿದ ಸುಳ್ಳು. ಯಾವುದರ ಜೊತೆಗೂ ಒಂದಾಗಬಾರದು ಅನ್ನೋ ಮಾತನ್ನು ಕಣ್ಣುಮುಚ್ಚಿ ಹೇಳುವವರು ಇದಕ್ಕೇನಂತಾರೆ? ನನ್ನ ಪ್ರಕಾರ ಅವತ್ತು ಮಾಡಿದ್ದು ಸರಿ. ಸುದ್ದಿಮೂಲದ ಕುತ್ತಿಗೆ ಉಳಿಸೋದು ಕೂಡ ಸುದ್ದಿಯವನ ಕೆಲಸವೇ.

ಸರಿಯಾಗಿ ಒಂದು ತಿಂಗಳ ನಂತರ, ನವೆಂಬರ್ 9, ಗುರುವಾರ. ಪೂರ್ವ ಬರ್ಲಿನ್‌ನಲ್ಲಿ ಸಂಜೆ ಆರಕ್ಕೆ ಪತ್ರಿಕಾಗೋಷ್ಠಿ, ಟಿವಿಯಲ್ಲಿ ನೇರಪ್ರಸಾರ. ಮಾತಾಡ್ತಿದ್ದವರು ಆಳುವ ಪಕ್ಷದ ನಾಯಕ ಗುಂಟರ್ ಶಾಬೊವ್‌ಸ್ಕಿ. ಏಳು ಗಂಟೆಗೆ ಇನ್ನೇನು ಕೆಲವೇ ನಿಮಿಷ ಇರುವಾಗ ಒಂದು ಹಾಳೆ ತೆಗೆದು ಓದಿದರು, ನಾಗರಿಕರು ಗಡಿ ದಾಟಿ ಹೋಗಬಹುದು ಅಂತ. ಯಾವಾಗಿನಿಂದ ಅಂತ ಪತ್ರಕರ್ತರು ಕೇಳಿದರು. ಕಾಗದ ತಿರುವಿ ಮುರುವಿ ನೋಡಿ, ತನಗೆ ತಿಳಿದ ಮಟ್ಟಿಗೆ ಈಗಿನಿಂದಲೇ, ತಡವಿಲ್ಲದೆ ಅಂದುಬಿಟ್ಟರು. ಅಸಲಿಗೆ ಆ ಆದೇಶ ಮಾರನೇ ದಿನ ಬೆಳಗ್ಗೆ ಹೊರಬೀಳಬೇಕಿತ್ತು. ಜನ ಪೊಲೀಸ್ ಕಚೇರಿಗೆ ಹೋಗಿ ವೀಸಾ ಹಾಕಿಸಿಕೊಂಡು ಸಾಲಾಗಿ ಹೋಗಬೇಕಿತ್ತು. ಗಡಿ ಕಾಯುವವರಿಗೆ ಒಂದು ಮಾತೂ ತಿಳಿಸಿರಲಿಲ್ಲ.

ಸುದ್ದಿಸಂಸ್ಥೆಗಳು ಫ್ಲ್ಯಾಶ್ ಕೊಟ್ಟವು. ಎಂಟು ಗಂಟೆಯ ಟಾಗೆಸ್‌ಶೌನಲ್ಲಿ ಮೊದಲ ಸುದ್ದಿ, ಪೂರ್ವ ಜರ್ಮನಿ ಗಡಿ ತೆರೀತಿದೆ ಅಂತ. ಪೂರ್ವ ಬರ್ಲಿನ್‌ನ ಜನ ಒಬ್ಬೊಬ್ಬರಾಗಿ ಚೆಕ್‌ಪೋಸ್ಟ್‌ಗಳ ಕಡೆ ಹೊರಟರು. ಬೋರ್ನ್‌ಹೋಲ್ಮರ್ ರಸ್ತೆಯ ಗೇಟಿನಲ್ಲಿ ಆ ರಾತ್ರಿ ಪಾಸ್‌ಪೋರ್ಟ್ ತಪಾಸಣೆಯ ಉಸ್ತುವಾರಿ ಹಾರಾಲ್ಡ್ ಯೇಗರ್ ಅನ್ನೋ ಅಧಿಕಾರಿಯದ್ದು. ಮೇಲಿನವರಿಗೆ ಫೋನ್ ಮೇಲೆ ಫೋನ್ ಮಾಡ್ತಾನೆ ಇದ್ದರು. ಸ್ಪಷ್ಟ ಆದೇಶ ಇಲ್ಲ. ಕೊನೆಗೆ, ಜಾಸ್ತಿ ಗಲಾಟೆ ಮಾಡುವ ಕೆಲವರನ್ನು ಹೊರಗೆ ಬಿಡಿ, ಅವರ ಗುರುತುಚೀಟಿಯ ಫೋಟೋ ಮೇಲೆ ಮೊಹರು ಒತ್ತಿ, ವಾಪಸ್ ಬರದ ಹಾಗೆ ಮಾಡಿ ಅಂತ ಬಂತು ಆದೇಶ. ಇದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಅವತ್ತು ಎಆರ್‌ಡಿಯಲ್ಲಿ ಫುಟ್‌ಬಾಲ್ ಪಂದ್ಯ ಇತ್ತು. ಹಾಗಾಗಿ ಟಾಗೆಸ್‌ಥೇಮೆನ್ ಶುರುವಾಗಿದ್ದು ತಡವಾಗಿ, 10 ಗಂಟೆ 42 ನಿಮಿಷಕ್ಕೆ. ಫ್ರೀಡ್ರಿಕ್ಸ್ ತೆರೆ ಮೇಲೆ ಬಂದರು. ಅವರು ಆಡಿದ ಮೊದಲ ಮಾತೇ ಅವರ ಸ್ವಭಾವ ಹೇಳುತ್ತೆ. ದೊಡ್ಡ ದೊಡ್ಡ ವಿಶೇಷಣಗಳನ್ನು ಎಚ್ಚರಿಕೆಯಿಂದ ಬಳಸಬೇಕು, ಬೇಗ ಸವೆದುಹೋಗ್ತವೆ, ಆದರೆ ಈ ರಾತ್ರಿ ಒಂದನ್ನು ಬಳಸುವ ಧೈರ್ಯ ಮಾಡಬಹುದು ಅಂದರು. ಆಮೇಲೆ ಈ ನವೆಂಬರ್ 9 ಐತಿಹಾಸಿಕ ದಿನ, ಪೂರ್ವ ಜರ್ಮನಿ ತನ್ನ ಗಡಿಗಳನ್ನು ಈಗಿನಿಂದಲೇ ಎಲ್ಲರಿಗೂ ತೆರೆದಿರೋದಾಗಿ ತಿಳಿಸಿದೆ, ಗೋಡೆಯ ಬಾಗಿಲುಗಳು ವಿಶಾಲವಾಗಿ ತೆರೆದು ನಿಂತಿವೆ ಅಂದರು.

ದಿನಕ್ಕೆ ನಲವತ್ತು ಸಲ ಮಹಾಸ್ಫೋಟ, ಬಿಗ್ ಶಾಕ್ ಅಂತ ಕೂಗುವ ನಮ್ಮಂಥವರು ಆ ಮೊದಲ ವಾಕ್ಯವನ್ನು ಸ್ಟುಡಿಯೋದಲ್ಲಿ ಬರೆದು ಅಂಟಿಸಿಕೊಳ್ಳಬೇಕು. ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕೂತು ದೊಡ್ಡ ಪದಗಳನ್ನು ಖರ್ಚು ಮಾಡದೆ ಉಳಿಸಿದ್ದಕ್ಕೇ ಅವತ್ತು ಒಂದೇ ಒಂದು ಪದ ಆಡಿದಾಗ ದೇಶ ಎದ್ದು ಕೂತಿತು.

ಆದರೆ ಗಮನಿಸಿ. ಅವರು ಆ ಮಾತಾಡಿದ ಹೊತ್ತಿಗೆ ಬಾಗಿಲುಗಳು ತೆರೆದಿರಲಿಲ್ಲ! ಸ್ಟುಡಿಯೋದಿಂದ ನೇರವಾಗಿ ಇನ್‌ವಾಲಿಡೆನ್ ರಸ್ತೆಯ ಚೆಕ್‌ಪೋಸ್ಟ್‌ಗೆ ಹೋದರೆ ಅಲ್ಲಿ ವರದಿಗಾರ ರಾಬಿನ್ ಲೌಟೆನ್‌ಬಾಖ್ ಮುಚ್ಚಿದ ಗೇಟಿನ ಮುಂದೆ ನಿಂತಿದ್ದಾರೆ. ಪಾಪ, ತೋರಿಸೋಕೆ ಏನೂ ಇಲ್ಲ. ಇಲ್ಲಿ ಇನ್ನೂ ಶಾಂತವಾಗಿದೆ, ಆದರೆ ಬೇರೆ ಕಡೆ ಜನ ದಾಟಿದ್ದಾರಂತೆ ಅಂತ, ಬೋರ್ನ್‌ಹೋಲ್ಮರ್ ರಸ್ತೆಯಿಂದ ಬಂದವರನ್ನು ಮಾತಾಡಿಸಿದರು. ಟಿವಿಯಲ್ಲಿ ಕೆಲಸ ಮಾಡಿದವರಿಗೆ ಈ ಸಂಕಟ ಗೊತ್ತು. ಸ್ಟುಡಿಯೋ ಒಂದು ಹೇಳುತ್ತೆ, ಲೈವ್ ಚಿತ್ರ ಇನ್ನೊಂದು ತೋರಿಸುತ್ತೆ.

ಇತ್ತ ಪೂರ್ವ ಬರ್ಲಿನ್‌ನ ಮನೆಗಳಲ್ಲಿ, ಮಲಗೋಕೆ ಹೊರಟಿದ್ದ ಜನ ಫ್ರೀಡ್ರಿಕ್ಸ್ ಮಾತು ಕೇಳಿದರು. ಸರ್ಕಾರಿ ಟಿವಿ ಹೇಳಿದ್ದರೆ ನಾಳೆ ನೋಡೋಣ ಅಂತಿದ್ದರು. ಶಾಬೊವ್‌ಸ್ಕಿ ತಡವರಿಸಿದ್ದನ್ನು ನೋಡಿ ತಲೆ ಕೆರೆದುಕೊಂಡವರೇ ಬಹಳ. ಆದರೆ ಹಾಯೋ ಹೇಳಿದ ಮೇಲೆ ಇನ್ನೇನು? ಕೋಟು ಹಾಕಿಕೊಂಡು ಹೊರಟರು. ಬೋರ್ನ್‌ಹೋಲ್ಮರ್ ರಸ್ತೆಯಲ್ಲಿ ಜನ ಸಾವಿರ ಸಾವಿರ ಲೆಕ್ಕದಲ್ಲಿ ಸೇರಿದರು. ರಾತ್ರಿ ಸುಮಾರು 11.30ಕ್ಕೆ ಯೇಗರ್ ಕೈಚೆಲ್ಲಿದರು. ಮೇಲಿನ ಆದೇಶ ಇಲ್ಲದೆಯೇ ಗೇಟು ತೆಗೆಸಿದರು. ಮಧ್ಯರಾತ್ರಿ ಕಳೀತಿದ್ದ ಹಾಗೆ ಒಂದೊಂದಾಗಿ ಉಳಿದ ಗೇಟುಗಳೂ ತೆರೆದವು. ಆ್ಯಂಕರ್ ಹೇಳಿದ್ದು ಹೆಚ್ಚೂಕಡಿಮೆ ಒಂದು ಗಂಟೆ ತಡವಾಗಿ ನಿಜ ಆಯಿತು.

ಗೋಡೆಯ ಪತನವನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಅಧ್ಯಯನ ಮಾಡಿದ ಇತಿಹಾಸಕಾರ ಹಾನ್ಸ್-ಹೆರ್ಮಾನ್ ಹೆರ್ಟ್ಲೆ ವಾದ ಏನಪ್ಪಾ ಅಂದರೆ, ಆ ರಾತ್ರಿ ಮಾಧ್ಯಮಗಳು ಹೇಳಿದ್ದು ಆಗಿನ್ನೂ ಆಗಿರದ ಸಂಗತಿ, ಜನ ಅದನ್ನು ನಂಬಿ ನಡೆದುಕೊಂಡದ್ದರಿಂದಲೇ ಅದು ಆಗಿಹೋಯಿತು. ಹಾಗಾದರೆ ಫ್ರೀಡ್ರಿಕ್ಸ್ ತಪ್ಪು ಸುದ್ದಿ ಕೊಟ್ಟರಾ? ಕಟ್ಟುನಿಟ್ಟಾಗಿ ನೋಡಿದರೆ ಹೌದು. ಪೂರ್ವ ಜರ್ಮನಿ ತಿಳಿಸಿದೆ ಅಂದ ಮೊದಲ ಭಾಗ ಪಕ್ಕಾ. ಬಾಗಿಲು ತೆರೆದು ನಿಂತಿವೆ ಅಂದ ಎರಡನೇ ಭಾಗ ಅವಸರದ್ದು. ಅವರ ಗುರುಮನೆ ಬಿಬಿಸಿಯ ಲೆಕ್ಕದಲ್ಲಿ ಪರೀಕ್ಷೆ ಮಾಡಿದರೆ ಅರ್ಧ ಅಂಕ ಕಳೀಬೇಕಾಗುತ್ತೆ. ಜರ್ಮನ್ನರು ಯಾರೂ ಕಳೆದಿಲ್ಲ. ಯಾಕೆ, ಕಥೆ ಸುಖಾಂತ್ಯ ಆಯಿತು ಅಂತ. ಒಂದು ಕ್ಷಣ ಉಲ್ಟಾ ಯೋಚಿಸಿ. ಆ ಜನಜಂಗುಳಿಯ ಎದುರು ನಿಂತಿದ್ದ ಕಾವಲುಗಾರರ ಸೊಂಟದಲ್ಲಿ ಪಿಸ್ತೂಲುಗಳಿದ್ದವು. ಯೇಗರ್ ಜಾಗದಲ್ಲಿ ಬೇರೆ ಸ್ವಭಾವದ ಮನುಷ್ಯ ಇದ್ದಿದ್ದರೆ? ಗುಂಡು ಹಾರಿದ್ದರೆ? ತೆರೆದಿದೆ ಅಂತ ಟಿವಿಯಲ್ಲಿ ಹೇಳಿದ್ದಕ್ಕೆ ಹೋದೆವು ಅಂತ ಬದುಕುಳಿದವರು ಹೇಳ್ತಿದ್ದರು. ಅದೇ ವಾಕ್ಯ, ಅದೇ ಮುಖ, ಅದೇ ದನಿ. ಜನ ನಂಬುವ ಆ್ಯಂಕರ್‌ನ ಒಂದು ವಾಕ್ಯಕ್ಕೆ ಎಷ್ಟು ತೂಕ ಇರುತ್ತೆ ಅನ್ನೋದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಇದು, ಹೆದರಿಕೆ ಹುಟ್ಟಿಸುವ ಉದಾಹರಣೆಯೂ ಹೌದು.

1991ರಲ್ಲಿ ಫ್ರೀಡ್ರಿಕ್ಸ್ ಕುರ್ಚಿ ಬಿಟ್ಟರು, ಉಲ್‌ರಿಖ್ ವಿಕರ್ಟ್ ಬಂದರು. ಆಮೇಲೆ ಪ್ರಕೃತಿಯ ಬಗ್ಗೆ ಸಾಕ್ಷ್ಯಚಿತ್ರಗಳನ್ನು ನಡೆಸಿಕೊಟ್ಟರು, ಆತ್ಮಕಥೆ ಬರೆದರು. ಶ್ವಾಸಕೋಶದ ಕ್ಯಾನ್ಸರ್ ಬಂತು. 1995ರ ಮಾರ್ಚ್‌ನಲ್ಲಿ, ಸಾವು ಹತ್ತಿರ ಇದೆ ಅಂತ ಗೊತ್ತಿದ್ದೇ, ಡೆರ್ ಶ್ಪೀಗೆಲ್ ವಾರಪತ್ರಿಕೆಯ ಇಬ್ಬರಿಗೆ ಸಂದರ್ಶನ ಕೊಟ್ಟರು. ಪತ್ರಿಕೆ ಮಾರ್ಚ್ 27ರಂದು ಅಂಗಡಿಗಳಿಗೆ ಬಂತು. ಮಾರನೇ ದಿನ ಫ್ರೀಡ್ರಿಕ್ಸ್ ತೀರಿಕೊಂಡರು. ಅರವತ್ತೆಂಟು ವರ್ಷ.

ಮೊದಲಿಗೆ ಹೇಳಿದ ಆ ಪ್ರಸಿದ್ಧ ಮಾತು ಇರೋದು ಈ ಸಂದರ್ಶನದಲ್ಲೇ. ಪ್ರಶ್ನೆ ರಾಜಕೀಯದ ಬಗ್ಗೆ ಅಲ್ಲ. ನೀವು ಪಕ್ಷಪಾತ ಮಾಡ್ತಿದ್ದಿರಾ ಅಂತ ಯಾರೂ ಕೇಳಲಿಲ್ಲ. ಸುದ್ದಿ ಹೇಳುವವನಾಗಿ ದಿನಾ ದಿನಾ ಸಾವನ್ನೇ ಜನರ ಮುಂದೆ ಇಡಬೇಕಾಗಿತ್ತಲ್ಲ, ಅದು ನಿಮ್ಮನ್ನು ಕಾಡಲಿಲ್ಲವೇ ಅಂತ ಕೇಳಿದ್ದು. ಸಾಯುತ್ತಿರುವ ಮನುಷ್ಯನಿಗೆ ಕೇಳಿದ ಪ್ರಶ್ನೆ, ನೆನಪಿರಲಿ. ಅದು ನನ್ನನ್ನು ಕಾಡಲಿಲ್ಲ, ಹೆಚ್ಚೂಕಡಿಮೆ ಅಲುಗಾಡದೆಯೇ ಮಾಡಿದೆ, ಬೇರೆ ರೀತಿ ಮಾಡೋಕೆ ಸಾಧ್ಯವೇ ಇಲ್ಲ ಅಂದರು. ಲಂಡನ್‌ನ ಐದು ವರ್ಷದಲ್ಲಿ ಕಲಿತದ್ದು ಇದನ್ನೇ ಅಂತ ಮುಂದುವರಿಸಿದರು. ದೂರ ಕಾಯ್ದುಕೊಳ್ಳಬೇಕು, ಯಾವ ವಿಷಯದೊಂದಿಗೂ ಒಂದಾಗಿಬಿಡಬಾರದು, ಒಳ್ಳೆಯದರೊಂದಿಗೂ ಕೂಡ, ಎಲ್ಲರೆದುರು ದುಃಖ ಪ್ರದರ್ಶನಕ್ಕೆ ಇಳೀಬಾರದು, ದುರಂತಗಳ ನಡುವೆ ತಣ್ಣಗಿರಬೇಕು ಆದರೆ ಕಲ್ಲಾಗಬಾರದು. ಹಾಗಿದ್ದರಷ್ಟೇ ವೀಕ್ಷಕರು ನಂಬ್ತಾರೆ, ಮನೆಯವನನ್ನಾಗಿ ಮಾಡಿಕೊಳ್ತಾರೆ ಅನ್ನೋದು ಅವರ ಉತ್ತರದ ಕೊನೆ.

ನೋಡಿದಿರಾ? ಅವರು ಹೇಳಿದ್ದು ಮುಖಭಾವದ ಬಗ್ಗೆ, ದನಿಯ ಬಗ್ಗೆ, ಹೆಣದ ಪಕ್ಕ ನಿಂತು ಅಳುವ ನಾಟಕ ಆಡಬಾರದು ಅನ್ನೋದರ ಬಗ್ಗೆ. ಪತ್ರಕರ್ತನಿಗೆ ಸರಿ ತಪ್ಪುಗಳೇ ಇರಬಾರದು ಅಂತ ಅವರು ಹೇಳಿದ ಹಾಗೆ ನನಗೆ ಕೇಳಿಸೋದಿಲ್ಲ. ಕಲ್ಲಾಗಬಾರದು ಅನ್ನೋ ಅರ್ಧವನ್ನು ಕತ್ತರಿಸಿ ಎಸೆದು, ಒಂದಾಗಬಾರದು ಅನ್ನೋ ಅರ್ಧವನ್ನು ಮಾತ್ರ ಇಟ್ಟುಕೊಂಡವರು ಆಮೇಲಿನವರು.

ಅವರ ಹೆಸರಲ್ಲಿ 1995ರಿಂದ ಟಿವಿ ಪತ್ರಕರ್ತರಿಗೆ ಒಂದು ಪ್ರಶಸ್ತಿ ಕೊಡ್ತಿದ್ದಾರೆ. 2018ರಲ್ಲಿ ಅದು ಸಂದದ್ದು ಆನಿಯಾ ರೆಶ್ಕೆ ಅನ್ನೋ ಪತ್ರಕರ್ತೆಗೆ. ಈಕೆ 2015ರ ಆಗಸ್ಟ್‌ನಲ್ಲಿ, ನಿರಾಶ್ರಿತರ ವಸತಿಗಳಿಗೆ ಬೆಂಕಿ ಬೀಳ್ತಿದ್ದ ದಿನಗಳಲ್ಲಿ, ಅದೇ ಟಾಗೆಸ್‌ಥೇಮೆನ್‌ನ ಅಭಿಪ್ರಾಯದ ಜಾಗದಲ್ಲಿ ನಿಂತು, ದ್ವೇಷ ಕಾರುವವರ ವಿರುದ್ಧ ಎಲ್ಲರೂ ಬಾಯಿ ತೆರೀಬೇಕು ಅಂದಿದ್ದರು. ಆವತ್ತಿನಿಂದ ಅವರ ಮೇಲೆ ಬೈಗುಳದ ಮಳೆ. ಬೈದವರಲ್ಲಿ ಅನೇಕರು ಕೈಯಲ್ಲಿ ಹಿಡಿದಿದ್ದ ಆಯುಧ ಯಾವುದು ಗೊತ್ತಾ? ಫ್ರೀಡ್ರಿಕ್ಸ್ ಅವರ ಅದೇ ಅರ್ಧ ಮಾತು. ಫ್ರೀಡ್ರಿಕ್ಸ್ ಹೆಸರಿನ ಪ್ರಶಸ್ತಿಯನ್ನು ತೀರ್ಪುಗಾರರು ಕೊಟ್ಟದ್ದು ಮಾತ್ರ ಬೈಸಿಕೊಂಡ ಈ ಹೆಣ್ಣುಮಗಳಿಗೆ.